ಎಲೆ ಎತ್ತೋರು ಯಾರು?

ಬೆಳಗಿನ ಜಾವ ಮೂರೂಕಾಲಿಗೆ ಫೋನ್ ಹೊಡ್ಕೊಂಡ್ರೆ ಒಂದೋ ಊರಿಂದ ಕೆಟ್ಟ ಸುದ್ದಿ, ಇಲ್ಲಾ ರಾತ್ರಿಯ ಬ್ಯಾಚ್ ಬಿದ್ದಿದೆ ಅಂತ ಅರ್ಥ. ಕೆಲವು ವರ್ಷಗಳ ಹಿಂದೆ ನನಗೆ ಬಂದ ಫೋನ್ ಎರಡೂ ಅಲ್ಲ. ಬ್ಯಾಚ್ ಬಿದ್ದಿರಲಿಲ್ಲ. ಎಲ್ಲಾ ಜಾಬ್‌ಗಳೂ ಹಸಿರು ತೋರಿಸಿ ಹೊತ್ತಿಗೆ ಸರಿಯಾಗಿ ಮುಗಿದಿದ್ದವು. ಆದರೆ ಗ್ರಾಹಕರಿಗೆ ಹೋಗಬೇಕಾದ ಸ್ಟೇಟ್‌ಮೆಂಟ್‌ಗಳಲ್ಲಿ ಒಂದಷ್ಟು, ತಮ್ಮದಲ್ಲದ ಶಾಖೆಯ ಕೋಡ್ ಹೊತ್ತುಕೊಂಡು ಹೊರಬಂದಿದ್ದವು. ಆಡಿಟ್ ಟೇಬಲ್ ತೆಗೆದು ನೋಡಿದ್ರೆ ಆ ಸಾಲುಗಳ ಎದುರು ‘ಮಾಡಿದವರು’ ಅನ್ನೋ ಕಾಲಮ್ಮಿನಲ್ಲಿ ನಮ್ಮ ತಂಡದ ಒಬ್ಬ ಹುಡುಗಿಯ ಐಡಿ ಇತ್ತು. ಅವಳು ಕೆಲಸಕ್ಕೆ ಸೇರಿ ಆಗಿನ್ನೂ ಒಂಬತ್ತು ತಿಂಗಳು.

“ಸರ್, ನಾನು ಎಂಟೂವರೆಗೇ ಲಾಗೌಟ್ ಮಾಡಿ ಹೊರಟಿದ್ದೆ” ಅಂದಳು. ಯಾರೂ ನಂಬಲಿಲ್ಲ. ಮನುಷ್ಯರು ಸುಳ್ಳು ಹೇಳಬಹುದು, ಲಾಗ್ ಸುಳ್ಳು ಹೇಳಲ್ಲ ಅನ್ನೋದು ನಮ್ಮ ಕಸುಬಿನ ದೊಡ್ಡ ಮೂಢನಂಬಿಕೆ. ಎರಡು ದಿನ ಅವಳು ಊಟಕ್ಕೆ ಕ್ಯಾಂಟೀನಿಗೂ ಬರಲಿಲ್ಲ. ಮೂರನೇ ದಿನ ತಪ್ಪಾದ ಸಾಲುಗಳನ್ನೆಲ್ಲಾ ಒಂದು ಕಡೆ ಗುಡ್ಡೆ ಹಾಕಿ ನೋಡಿದಾಗ ಒಂದು ವಿಚಿತ್ರ ಕಾಣಿಸ್ತು. ಅವೆಲ್ಲವೂ ಒಂದೇ ಥ್ರೆಡ್‌ನಲ್ಲಿ ತಯಾರಾಗಿದ್ದವು. 16 ಥ್ರೆಡ್‌ಗಳ ಪೂಲ್‌ನಲ್ಲಿ 7ನೆಯದು ಮಾತ್ರ ಹೀಗೆ ಮಾಡಿತ್ತು, ಉಳಿದ 15 ಥ್ರೆಡ್‌ಗಳ ಕೆಲಸ ಸರಿಯಾಗಿತ್ತು.

ಆ 7ನೇ ಥ್ರೆಡ್‌ನ ಕಥೆಗೆ ಆಮೇಲೆ ಬರ್ತೀನಿ. ಅದಕ್ಕೆ ಮುಂಚೆ ಸುಮಾರು 70 ವರ್ಷ ಹಿಂದಕ್ಕೆ ಹೋಗಬೇಕು. ಯಾಕಂದ್ರೆ ಆ ತಪ್ಪು ನಮ್ಮ ಕೋಡ್‌ಗಿಂತ, ನಮಗಿಂತ, ಥ್ರೆಡ್ ಅನ್ನೋ ಕಲ್ಪನೆಗಿಂತಲೂ ಹಳೆಯದು.

1950ರ ದಶಕದ ಮೊದಲರ್ಧದಲ್ಲಿ ದೊಡ್ಡ ಕಂಪ್ಯೂಟರ್ ಬಳಸೋದು ಅಂದ್ರೆ ಮದುವೆಗೆ ಛತ್ರ ಬುಕ್ ಮಾಡಿದ ಹಾಗೆ. ನಿಮ್ಮ ಹೊತ್ತು ಬಂದಾಗ ಇಡೀ ಯಂತ್ರ ನಿಮ್ಮದು. ಕಾರ್ಡ್‌ಗಳ ಕಟ್ಟು ತಂದು, ಟೇಪ್ ಹಾಕಿ, ಸ್ವಿಚ್ ಒತ್ತಿ, ಹೊತ್ತು ಮುಗಿದ ಮೇಲೆ ಎಲ್ಲಾ ಎತ್ಕೊಂಡು ಹೊರಡಬೇಕು. ಆಗ ‘ಇದು ಯಾರ ಕೆಲಸ’ ಅನ್ನೋ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಯಂತ್ರದ ಮುಂದೆ ಯಾರು ನಿಂತಿದ್ದಾರೋ ಅವರ ಕೆಲಸ. ತೊಂದರೆ ಏನಂದ್ರೆ ಒಬ್ಬರು ಎತ್ಕೊಂಡು ಹೋಗಿ ಇನ್ನೊಬ್ಬರು ಹೊಂದಿಸಿಕೊಳ್ಳೋ ತನಕ ಅಷ್ಟು ದುಬಾರಿ ಯಂತ್ರ ಸುಮ್ಮನೆ ನಿಂತಿರೋದು. 1956ರಲ್ಲಿ ಜನರಲ್ ಮೋಟಾರ್ಸ್‌ನ ರಾಬರ್ಟ್ ಪ್ಯಾಟ್ರಿಕ್, ನಾರ್ತ್ ಅಮೆರಿಕನ್ ಏವಿಯೇಷನ್‌ನ ಓವನ್ ಮಾಕ್ ಮತ್ತು ಅವರ ಜೊತೆಗಾರರು ಐಬಿಎಂ 704 ಯಂತ್ರಕ್ಕೆ ಒಂದು ಉಪಾಯ ಮಾಡಿದರು. ಎಲ್ಲರ ಕೆಲಸಗಳನ್ನೂ ಒಂದರ ಹಿಂದೆ ಒಂದು ಜೋಡಿಸಿ, ಒಂದು ಮುಗಿದ ತಕ್ಷಣ ಇನ್ನೊಂದನ್ನು ತಾನೇ ಎತ್ತಿಕೊಳ್ಳುವ ಒಂದು ಪುಟ್ಟ ಮೇಲ್ವಿಚಾರಕ ಪ್ರೋಗ್ರಾಮ್ ಬರೆದರು. ಮೊದಮೊದಲ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಇದೂ ಒಂದು ಅಂತ ಇತಿಹಾಸದ ಪುಸ್ತಕಗಳು ಹೇಳ್ತವೆ. ಬ್ಯಾಚ್ ಪ್ರೊಸೆಸಿಂಗ್ ಅಂತ ನಾವು ಇವತ್ತೂ ಕರೆಯೋದು ಇದನ್ನೇ.

ಛತ್ರದ ಭಾಷೆಯಲ್ಲೇ ಹೇಳೋದಾದ್ರೆ, ಮನೆಗೊಂದು ಛತ್ರ ಹೋಗಿ ಪಂಕ್ತಿ ಊಟ ಬಂತು. ಪಂಕ್ತಿ ಬಂದ ಮೇಲೆ ಹೊಸ ಸಮಸ್ಯೆ ಹುಟ್ಟಲೇಬೇಕು. ಹಿಂದಿನ ಪಂಕ್ತಿಯವರ ಎಲೆ ಎತ್ತೋರು ಯಾರು?

1960ರ ಹೊತ್ತಿಗೆ ಐಬಿಎಂನ ದೊಡ್ಡ ಯಂತ್ರಗಳಲ್ಲಿ ಪ್ರತಿ ಕೆಲಸದ ಕಟ್ಟಿನ ಮೇಲೆ ಒಂದು ಕಂಟ್ರೋಲ್ ಕಾರ್ಡ್ ಇರ್ತಿತ್ತು. ಡಾಲರ್ ಚಿಹ್ನೆ, ಅದರ ಪಕ್ಕ ‘ಜಾಬ್’ ಅನ್ನೋ ಪದ. ‘ಇಲ್ಲಿಂದ ಮುಂದೆ ಇಂಥವರ ಕೆಲಸ’ ಅಂತ ಹೇಳೋದು ಅದೊಂದೇ ಕಾರ್ಡ್. ಅದರ ಕೆಳಗೆ ಪ್ರೋಗ್ರಾಮ್, ಅದರ ಕೆಳಗೆ ಡೇಟಾ, ಆಮೇಲೆ ಮುಂದಿನವರ ಜಾಬ್ ಕಾರ್ಡ್. ಈಗ ಯೋಚನೆ ಮಾಡಿ. ನನ್ನ ಪ್ರೋಗ್ರಾಮ್‌ಗೆ ಓದಲು 50 ಡೇಟಾ ಕಾರ್ಡ್ ಇವೆ, ಆದರೆ ಲೂಪ್ ತಪ್ಪಿ ಅದು 51ನೆಯದನ್ನೂ ಓದ್ತು. ಆ 51ನೆಯದು ನಿಮ್ಮ ಜಾಬ್ ಕಾರ್ಡ್! ನನ್ನ ಪ್ರೋಗ್ರಾಮ್ ಅದನ್ನು ಡೇಟಾ ಅಂತ ನುಂಗಿಬಿಡ್ತು. ಕಾರ್ಡ್ ರೀಡರ್ ಹಿಂದಕ್ಕೆ ಹೋಗಲ್ಲ. ಈಗ ಮೇಲ್ವಿಚಾರಕನ ಕಣ್ಣಿಗೆ ನಿಮ್ಮ ಕೆಲಸ ಶುರುವಾಗಿಯೇ ಇಲ್ಲ. ಸಂಜೆ ನೀವು ಕೌಂಟರಿನಲ್ಲಿ ಪ್ರಿಂಟೌಟ್ ಕೇಳೋಕೆ ಬಂದ್ರೆ ನಿಮ್ಮ ಹೆಸರಲ್ಲಿ ಏನೂ ಇರಲ್ಲ. ತಪ್ಪು ಮಾಡಿದ್ದು ನಾನು, ಅನುಭವಿಸಿದ್ದು ನೀವು.

ಇದಕ್ಕೆ ಆ ಕಾಲದವರು ಕಂಡುಕೊಂಡ ಪರಿಹಾರ ನನಗೆ ಬಹಳ ಇಷ್ಟ. ‘ದಯವಿಟ್ಟು ನಿಮ್ಮ ಲೂಪ್ ಸರಿಯಾಗಿ ಬರೆಯಿರಿ’ ಅಂತ ಬೋರ್ಡ್ ಹಾಕಿ ಸುಮ್ಮನಾಗಲಿಲ್ಲ. ಕಾರ್ಡ್ ಓದುವ ಹಕ್ಕನ್ನೇ ಪ್ರೋಗ್ರಾಮ್‌ಗಳ ಕೈಯಿಂದ ಕಿತ್ತುಕೊಂಡರು. ಕಾರ್ಡ್ ಬೇಕಿದ್ದರೆ ಮೇಲ್ವಿಚಾರಕನನ್ನು ಕೇಳಿ. ಅವನು ಕಾರ್ಡ್ ನೋಡಿ, ಅದು ಜಾಬ್ ಕಾರ್ಡ್ ಆಗಿದ್ರೆ ‘ನಿಮ್ಮದು ಮುಗಿಯಿತು’ ಅಂತಾನೆ, ಕೊಡಲ್ಲ. ಇನ್‌ಪುಟ್ ಔಟ್‌ಪುಟ್ ಆದೇಶಗಳನ್ನು ಸಾಮಾನ್ಯ ಪ್ರೋಗ್ರಾಮ್ ಕೊಡುವಂತೆಯೇ ಇಲ್ಲ ಅಂತ ಹಾರ್ಡ್‌ವೇರ್‌ನಲ್ಲೇ ಬೀಗ ಹಾಕೋ ಪದ್ಧತಿ ಬಂತು. ಒಬ್ಬರ ಕೆಲಸದ ಗಡಿ ಎಲ್ಲಿ ಮುಗಿಯುತ್ತೆ ಅನ್ನೋದು ಆ ಕೆಲಸದ ಒಳ್ಳೆಯತನದ ಮೇಲೆ ನಿಲ್ಲಬಾರದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಾವು ಇದನ್ನು ಮುಂದೆ ಮರೀತೀವಿ.

1964ರಲ್ಲಿ ಐಬಿಎಂ ತನ್ನ ಸಿಸ್ಟಮ್/360 ಘೋಷಿಸಿತು. ಅದರ ದೊಡ್ಡ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಹಲವು ಜಾಬ್‌ಗಳು ಒಂದೇ ಮೆಮೊರಿಯಲ್ಲಿ ಒಟ್ಟಿಗೆ ಕೂತವು. ಇಲ್ಲೂ ಗಡಿ ಕಾಯಲು ಹಾರ್ಡ್‌ವೇರ್ ಬಂತು. ಮೆಮೊರಿಯನ್ನು 2048 ಬೈಟ್‌ಗಳ ತುಂಡು ಮಾಡಿ, ಪ್ರತಿ ತುಂಡಿಗೂ 4 ಬಿಟ್‌ನ ಒಂದು ಕೀಲಿ ಕೊಟ್ಟರು. ನಿಮ್ಮ ಕೀಲಿ ಹೊಂದಲಿಲ್ಲ ಅಂದ್ರೆ ಆ ತುಂಡಿಗೆ ಬರೆಯೋ ಹಾಗಿಲ್ಲ. 4 ಬಿಟ್ ಅಂದ್ರೆ 16 ಕೀಲಿ, ಅದರಲ್ಲಿ ಸೊನ್ನೆ ಯಜಮಾನನಿಗೆ. ಉಳಿದದ್ದು 15. ಜಾಬ್ ಆರಂಭ, ಅಂತ್ಯ ಎಲ್ಲವನ್ನೂ ಹೇಳಲು ಜೆಸಿಎಲ್ ಅನ್ನೋ ಭಾಷೆ ಬಂತು. ಆ ಆಪರೇಟಿಂಗ್ ಸಿಸ್ಟಮ್ ಯೋಜನೆಯ ಮುಖ್ಯಸ್ಥರಾಗಿದ್ದ ಫ್ರೆಡ್ ಬ್ರೂಕ್ಸ್ ಆಮೇಲೆ ತಾವೇ ಜೆಸಿಎಲ್ ಅನ್ನು ವಾಚಾಮಗೋಚರ ಬೈದಿದ್ದಾರೆ. ಬೈಸಿಕೊಳ್ಳೋಕೆ ಅದು ಲಾಯಕ್ಕೂ ಹೌದು. ಆದರೂ ಅದರಲ್ಲಿ ಒಂದು ಸೊಗಸಿತ್ತು. ಬರೀ ಎರಡು ಓರೆಗೆರೆ, ಉಳಿದದ್ದೆಲ್ಲಾ ಖಾಲಿ ಇರೋ ಕಾರ್ಡ್ ಬಂದ್ರೆ ಜಾಬ್ ಮುಗೀತು ಅಂತ ಅರ್ಥ. 1970ರ ದಶಕದಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೂ ಒಂದು ಐಬಿಎಂ 360/44 ಇತ್ತು. ಬೆಂಗಳೂರು ಐಟಿ ಸಿಟಿ ಅನ್ನಿಸಿಕೊಳ್ಳೋಕೆ ಎಷ್ಟೋ ಮುಂಚೆ ಈ ಊರು ಕಾರ್ಡ್ ಕಟ್ಟು ಕಂಡಿದೆ.

ಈಗ ಇನ್ನೊಂದು ದಾರಿ ಹಿಡಿಯೋಣ. ಅತ್ತ 1970ರ ದಶಕದಲ್ಲೇ ಯೂನಿಕ್ಸ್ ಬೆಳೀತಿತ್ತು. ಅಲ್ಲಿ ಒಂದು ಪ್ರೋಗ್ರಾಮ್ ಓಡಿದರೆ ಅದಕ್ಕೊಂದು ಪ್ರೊಸೆಸ್, ಅದರ ಮೆಮೊರಿ ಅದಕ್ಕೇ. ಒಂದೇ ಮನೆ, ಒಬ್ಬನೇ ವಾಸಿ. ಹಾಗಾಗಿ ಸಿ ಭಾಷೆಯಲ್ಲಿ ‘ಎರ್‌ನೋ’ ಅನ್ನೋ ಒಂದು ಗ್ಲೋಬಲ್ ವೇರಿಯಬಲ್ ಇಟ್ಟರು. ಸಿಸ್ಟಮ್‌ಗೆ ಏನಾದರೂ ಕೇಳಿ ಅದು ವಿಫಲವಾದರೆ ಯಾಕೆ ಅನ್ನೋ ನಂಬರ್ ಅಲ್ಲಿ ಬಂದು ಕೂರುತ್ತೆ. ಮನೆಯಲ್ಲಿ ಒಬ್ಬನೇ ಇರುವಾಗ ಗೋಡೆ ಮೇಲೆ ಒಂದೇ ಸ್ಲೇಟು ಸಾಕಲ್ಲ? ಆಮೇಲೆ ಥ್ರೆಡ್‌ಗಳು ಬಂದವು, ಅಂದ್ರೆ ಒಂದೇ ಪ್ರೊಸೆಸ್ ಒಳಗೆ ಒಟ್ಟೊಟ್ಟಿಗೆ ಓಡುವ ಹಲವು ಕೆಲಸಗಾರರು. ನನ್ನ ಫೈಲ್ ಸಿಗಲಿಲ್ಲ ಅಂತ ಸ್ಲೇಟಿನಲ್ಲಿ ಬರೆದದ್ದನ್ನು ನಾನು ಓದುವಷ್ಟರಲ್ಲಿ ನಿಮ್ಮ ನೆಟ್‌ವರ್ಕ್ ಎರರ್ ಅದರ ಮೇಲೆ ಕೂತಿರುತ್ತೆ.

ಹಳೆಯ ಕೋಡ್ ಲಕ್ಷಾಂತರ ಸಾಲು, ಎಲ್ಲಾ ಕಡೆ ‘ಎರ್‌ನೋ’. ಬದಲಿಸೋಕೆ ಆಗಲ್ಲ. ಆಗ ಮಾಡಿದ ಜಾಣತನ ಇದು: ಹೆಸರು ಹಾಗೇ ಇರಲಿ, ಆದರೆ ಪ್ರತಿ ಥ್ರೆಡ್ ಆ ಹೆಸರು ಹಿಡಿದು ಕೇಳಿದಾಗ ಅದರದ್ದೇ ಬೇರೆ ಸ್ಲೇಟು ಸಿಗಲಿ. 1995ರ ಪೋಸಿಕ್ಸ್ ಥ್ರೆಡ್ ಮಾನದಂಡದಲ್ಲಿ ‘ಎರ್‌ನೋ’ ಹೀಗೆ ಥ್ರೆಡ್‌ಗೊಂದು ಆಯಿತು. ಜೊತೆಗೆ ಯಾರು ಬೇಕಾದರೂ ತಮ್ಮದೇ ಸ್ಲೇಟು ಮಾಡಿಕೊಳ್ಳುವ ಸೌಲಭ್ಯವೂ ಬಂತು. ಥ್ರೆಡ್-ಲೋಕಲ್ ಅನ್ನೋದರ ವಂಶವೃಕ್ಷದಲ್ಲಿ ಇದು ದೊಡ್ಡ ಕೊಂಬೆ. ಗಮನಿಸಿ, ಇದು ಹೊಸದೇನನ್ನೋ ಕಟ್ಟೋಕೆ ಹುಟ್ಟಿದ್ದಲ್ಲ. ಒಬ್ಬನೇ ವಾಸಿ ಅಂತ ನಂಬಿಕೊಂಡಿದ್ದ ಹಳೇ ಕೋಡ್‌ಗೆ ಆ ನಂಬಿಕೆ ಮುರಿಯದ ಹಾಗೆ ನೋಡಿಕೊಳ್ಳೋಕೆ ಮಾಡಿದ ಅಡ್ಜಸ್ಟ್‌ಮೆಂಟ್.

ಜಾವಾದವರು ಇದನ್ನು 1998ರ ಡಿಸೆಂಬರ್‌ನಲ್ಲಿ ಬಂದ 1.2 ಆವೃತ್ತಿಯಲ್ಲಿ ತಂದರು. ಥ್ರೆಡ್‌ಲೋಕಲ್ ಅನ್ನೋ ಕ್ಲಾಸ್, ಬರೆದವರ ಹೆಸರಿನ ಜಾಗದಲ್ಲಿ ಜೋಶ್ ಬ್ಲಾಕ್ ಮತ್ತು ಡಗ್ ಲೀ. ಬ್ಯಾಂಕು, ವಿಮೆ, ಟಿಕೆಟ್ಟು ಎಲ್ಲಾ ಜಾವಾಗೆ ಬರ್ತಿದ್ದ ಕಾಲ. ಈ ಕ್ಲಾಸ್ ಎಲ್ಲರಿಗೂ ರುಚಿಸಿತು. ಲಾಗಿನ್ ಆದವರು ಯಾರು, ಯಾವ ಟ್ರಾನ್ಸಾಕ್ಷನ್, ಯಾವ ಶಾಖೆ ಇದನ್ನೆಲ್ಲಾ ಪ್ರತಿ ಫಂಕ್ಷನ್‌ಗೂ ಕೈಯಿಂದ ಕೈಗೆ ದಾಟಿಸೋ ಕಷ್ಟ ಯಾಕೆ? ಥ್ರೆಡ್‌ಗೆ ಒಂದು ಸಲ ಅಂಟಿಸಿಬಿಡಿ. ಹತ್ತು ಮೆಟ್ಟಿಲು ಕೆಳಗಿರೋ ಕೋಡ್ ಕೂಡ ‘ನಾನೀಗ ಯಾರ ಕೆಲಸ ಮಾಡ್ತಿದ್ದೀನಿ’ ಅಂತ ಕೇಳಿದ್ರೆ ಉತ್ತರ ಅಲ್ಲೇ ಸಿಗುತ್ತೆ. ಲಾಗ್‌ನ ಪ್ರತಿ ಸಾಲಿನ ಮುಂದೆ ಗ್ರಾಹಕರ ನಂಬರ್ ತಾನಾಗೇ ಬೀಳೋದು ಹೀಗೆ.

ಈ ಕ್ಲಾಸ್‌ನಲ್ಲಿ ನನ್ನನ್ನು ತುಂಬಾ ಕಾಡಿದ ಒಂದು ಸಣ್ಣ ವಿವರ ಇದೆ. 1998ರಲ್ಲಿ ಅದರಲ್ಲಿ ‘ಸೆಟ್’ ಇತ್ತು, ‘ಗೆಟ್’ ಇತ್ತು. ‘ರಿಮೂವ್’ ಇರಲಿಲ್ಲ. ಎಲೆ ಹಾಕೋಕೆ ವ್ಯವಸ್ಥೆ ಇತ್ತು, ಊಟ ಮಾಡೋಕೆ ಇತ್ತು, ಎಲೆ ಎತ್ತೋಕೆ ಅಂತ ಇರಲಿಲ್ಲ. ಬೇಕಿದ್ದೋರು ಖಾಲಿ ಬೆಲೆ ತುಂಬಿ ಸುಮ್ಮನಾಗಬೇಕಿತ್ತು. ಇದು ಮರೆವು ಅಂತ ನನಗನ್ನಿಸಲ್ಲ. ಅವರ ಮನಸ್ಸಿನಲ್ಲಿದ್ದ ಥ್ರೆಡ್ ಒಂದು ಕೆಲಸಕ್ಕೆ ಹುಟ್ಟಿ, ಆ ಕೆಲಸ ಮುಗಿದ ಮೇಲೆ ಸಾಯುವ ಥ್ರೆಡ್ ಇದ್ದಿರಬೇಕು. ಥ್ರೆಡ್ ಸತ್ತರೆ ಅದರ ಸಾಮಾನೂ ಅದರ ಜೊತೆ ಹೋಗುತ್ತೆ.

‘ರಿಮೂವ್’ ಬಂದಿದ್ದು 2004ರಲ್ಲಿ, ಜಾವಾ 5ರ ಜೊತೆ. ಅದೇ ಆವೃತ್ತಿಯಲ್ಲಿ ಇನ್ನೂ ಒಂದು ಬಂತು: ಯಾರು ಬೇಕಾದರೂ ಒಂದು ಸಾಲಿನಲ್ಲಿ ಥ್ರೆಡ್ ಪೂಲ್ ಮಾಡಿಕೊಳ್ಳುವ ಸೌಲಭ್ಯ. ದೊಡ್ಡ ಅಪ್ಲಿಕೇಶನ್ ಸರ್ವರ್‌ಗಳ ಹೊಟ್ಟೆಯೊಳಗೆ ಪೂಲ್ ಮೊದಲೇ ಇತ್ತು, ಆದರೆ ಈಗ ಅದು ಎಲ್ಲರ ಕೈಗೆ ಸಿಕ್ತು. ಪೂಲ್‌ನಲ್ಲಿ ಥ್ರೆಡ್ ಸಾಯಲ್ಲ. ಒಬ್ಬರ ಕೆಲಸ ಮುಗಿಸಿ, ಮೈಕೊಡವಿಕೊಂಡು, ಮುಂದಿನವರ ಕೆಲಸಕ್ಕೆ ಕೂರುತ್ತೆ. ಮತ್ತೆ ಪಂಕ್ತಿ ಊಟ. ಆದರೆ ಈ ಸಲ ಎಲೆ ಎತ್ತೋ ಜವಾಬ್ದಾರಿ ಉಂಡವರದ್ದೇ. 1960ರಲ್ಲಿ ಪ್ರೋಗ್ರಾಮ್‌ಗಳ ಕೈಯಿಂದ ಕಿತ್ತುಕೊಂಡಿದ್ದನ್ನು 2004ರಲ್ಲಿ ವಾಪಸ್ ಅವರ ಕೈಗೇ ಕೊಟ್ಟೆವು.

ವೆಬ್‌ಸೈಟ್‌ಗಳಲ್ಲಿ ಇದರ ಕಾಟ ಸ್ವಲ್ಪ ಕಡಿಮೆ, ಅಲ್ಲಿ ರಿಕ್ವೆಸ್ಟ್‌ನ ಬಾಗಿಲಲ್ಲೇ ಫ್ರೇಮ್‌ವರ್ಕ್ ಕಾವಲು ಕೂತಿರುತ್ತೆ. ಬ್ಯಾಚ್‌ನಲ್ಲಿ ಹಾಗಲ್ಲ. ಒಂದೇ ಥ್ರೆಡ್ ಒಂದು ರಾತ್ರಿಯಲ್ಲಿ ಸಾವಿರಾರು ಜನರ ದಾಖಲೆ ಮುಟ್ಟುತ್ತೆ, ಎದುರಿಗೆ ಪರದೆ ನೋಡ್ತಾ ‘ಇದು ನನ್ನ ಹೆಸರಲ್ಲ’ ಅಂತ ಹೇಳೋ ಮನುಷ್ಯ ಯಾರೂ ಇರಲ್ಲ. ಆಕ್ಸೆಂಚರ್ ಕಂಪನಿಯ ಜೊತೆ ಸೇರಿ ಸ್ಪ್ರಿಂಗ್‌ನವರು 2007ರಲ್ಲಿ ಘೋಷಿಸಿ 2008ರಲ್ಲಿ ಹೊರತಂದ ಸ್ಪ್ರಿಂಗ್ ಬ್ಯಾಚ್‌ನ ಸೋರ್ಸ್ ಕೋಡ್ ಇವತ್ತು ಯಾರು ಬೇಕಾದರೂ ಓದಬಹುದು. ಅದರಲ್ಲಿ ‘ಈಗ ಯಾವ ಸ್ಟೆಪ್ ಓಡ್ತಿದೆ’ ಅನ್ನೋದನ್ನು ಥ್ರೆಡ್‌ಲೋಕಲ್‌ನಲ್ಲೇ ಇಡ್ತಾರೆ. ಆದರೆ ಒಂದೇ ಬೆಲೆ ಇಡಲ್ಲ, ಒಂದರ ಮೇಲೊಂದು ಪೇರಿಸಿದ ಸ್ಟಾಕ್ ಇಡ್ತಾರೆ. ಒಂದು ಥ್ರೆಡ್ಡೋ ಹಲವೋ, ಒಂದು ಸ್ಟೆಪ್ಪೋ ಹಲವೋ, ಎರಡೆರಡ್ಲಿ ನಾಲ್ಕು ಸಂದರ್ಭ ಸಂಭಾಳಿಸಬೇಕು ಅಂತ ಬರೆದವರೇ ಅಲ್ಲಿ ಕಾಮೆಂಟ್ ಹಾಕಿಕೊಂಡಿದ್ದಾರೆ. ಏಟು ತಿಂದವರು ಬರೆಯೋ ಥರದ ಕಾಮೆಂಟ್ ಅದು.

ಸ್ಟಾಕ್ ಯಾಕೆ ಬೇಕು? ಪೂಲ್ ತುಂಬಿ ಜಾಗ ಇಲ್ಲದಾಗ, ಕೆಲಸ ಕೊಡೋಕೆ ಬಂದ ಥ್ರೆಡ್ ಕೈಲೇ ಆ ಕೆಲಸ ಮಾಡಿಸೋ ಪದ್ಧತಿ ಒಂದಿದೆ. ಬಡಿಸೋಕೆ ಬಂದವನನ್ನೇ ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಈಗ ಆ ಕೆಲಸ ಬಹಳ ಶಿಸ್ತಿನಿಂದ ಮುಗಿದ ಮೇಲೆ ಎಲೆ ಎತ್ತುತ್ತೆ. ಎತ್ತಿದ್ದು ಯಾರ ಎಲೆ? ಥ್ರೆಡ್ ಒಂದೇ ಆದ್ದರಿಂದ ಕರೆದವನ ಕಾಂಟೆಕ್ಸ್ಟೂ ಅದರ ಜೊತೆ ಹೋಯ್ತು! ಸ್ಟಾಕ್ ಇದ್ರೆ ಮೇಲಿನದು ತೆಗೆದಾಗ ಕೆಳಗಿನದು ಉಳಿಯುತ್ತೆ. ಅಂದ್ರೆ ಎತ್ತದಿದ್ದರೂ ತಪ್ಪು, ಗೊತ್ತಿಲ್ಲದೆ ಎಲ್ಲಾ ಎತ್ತಿದ್ರೂ ತಪ್ಪು.

ಇನ್ನೊಂದು ಬಲೆ ಜಾವಾ 1.2ರಿಂದಲೇ ಇದೆ. ತಾಯಿ ಥ್ರೆಡ್‌ನ ಬೆಲೆಯನ್ನು ಮಗು ಥ್ರೆಡ್‌ಗೆ ಪಿತ್ರಾರ್ಜಿತವಾಗಿ ಕೊಡೋ ಥ್ರೆಡ್‌ಲೋಕಲ್. ಕೇಳೋಕೆ ಚೆಂದ. ಆದರೆ ಆಸ್ತಿ ಹಂಚಿಕೆ ಆಗೋದು ಹುಟ್ಟಿದಾಗ ಒಂದೇ ಸಲ. ಪೂಲ್‌ನ ಥ್ರೆಡ್ ಯಾರ ಕೆಲಸಕ್ಕೆ ಮೊದಲು ಹುಟ್ಟಿತೋ ಅವರ ಕಾಂಟೆಕ್ಸ್ಟ್ ಅದಕ್ಕೆ ಅಂಟಿಕೊಳ್ಳುತ್ತೆ. ಆಮೇಲೆ ಬಂದವರು ತಮ್ಮದನ್ನು ಹಾಕದಿದ್ರೆ ಹಳಬರ ಹೆಸರಲ್ಲೇ ಊಟ.

ಈಗ ನಮ್ಮ 7ನೇ ಥ್ರೆಡ್. ಆ ಬ್ಯಾಚ್ ಸರ್ವರ್ ವಾರಗಟ್ಟಲೆ ನಿಲ್ಲದೆ ಓಡ್ತಿತ್ತು. ಆ ಸಂಜೆ ಎಂಟು ಗಂಟೆ ಸುಮಾರಿಗೆ ಅವಳು ಒಂದು ಶಾಖೆಯ ಜಾಬನ್ನು, ಮ್ಯಾನೇಜರ್ ಹೇಳಿದ್ದಕ್ಕೇ, ಕೈಯಾರೆ ಮತ್ತೆ ಓಡಿಸಿದ್ದಳು. ಪ್ರತಿ ಥ್ರೆಡ್‌ಗೂ ಶಾಖೆಯ ಕೋಡ್ ಮತ್ತು ಅವಳ ಐಡಿ ಅಂಟಿತು. 15 ಥ್ರೆಡ್‌ಗಳು ಕೆಲಸ ಮುಗಿಸಿ ಅಳಿಸಿಕೊಂಡವು. 7ನೆಯದಕ್ಕೆ ದಿನಾಂಕ ಕೆಟ್ಟಿದ್ದ ಒಂದು ದಾಖಲೆ ಸಿಕ್ಕಿ ಎಕ್ಸೆಪ್ಷನ್ ಎದ್ದಿತು. ಅಳಿಸುವ ಸಾಲು ಅದರ ಕೆಳಗಿತ್ತು, ‘ಫೈನಲಿ’ ಒಳಗಿರಲಿಲ್ಲ. ಥ್ರೆಡ್ ಎಲೆ ಎತ್ತದೆ ಪೂಲ್‌ಗೆ ವಾಪಸ್ ಹೋಯ್ತು. ರಾತ್ರಿ ಒಂದು ಗಂಟೆಗೆ ಉಳಿದ ಶಾಖೆಗಳ ಜಾಬ್‌ಗಳು ಶುರುವಾದವು. ಅಲ್ಲಾದರೂ ಹೊಸ ಕೋಡ್ ಹಳೆಯದರ ಮೇಲೆ ಕೂರಬೇಕಿತ್ತು. ಕೂರಲಿಲ್ಲ, ಯಾಕಂದ್ರೆ ಒಂದು ಡೇಟಾಬೇಸ್ ಕ್ವೆರಿ ಉಳಿಸೋ ಆಸೆಗೆ ‘ಥ್ರೆಡ್‌ನಲ್ಲಿ ಈಗಾಗಲೇ ಕಾಂಟೆಕ್ಸ್ಟ್ ಇದ್ರೆ ಅದನ್ನೇ ಬಳಸು’ ಅಂತ ಯಾರೋ ಒಂದು ಷರತ್ತು ಹಾಕಿದ್ದರು.

ಆ ಯಾರೋ ನಾನೇ. ಅವಳು ಕಾಲೇಜಿನಲ್ಲಿದ್ದಾಗ ಬರೆದ ಸಾಲು ಅದು. ಕಮಿಟ್ ಇತಿಹಾಸ ತೆಗೆದು ಮೀಟಿಂಗ್‌ನಲ್ಲಿ ದೊಡ್ಡ ಪರದೆ ಮೇಲೆ ತೋರಿಸಿದೆ. ತೋರಿಸೋಕೆ ಮುಂಚೆ ಒಂದು ಗಂಟೆ ಸೀಟಿನಲ್ಲಿ ಸುಮ್ಮನೆ ಕೂತಿದ್ದೆ ಅನ್ನೋದನ್ನೂ ಬರೀಬೇಕು. ಎರಡು ದಿನ ಅವಳನ್ನು ನಂಬದವರಲ್ಲಿ ನಾನೂ ಇದ್ದೆ.

ಇವತ್ತು ಆ ಕೋಡ್ ಬರೆದ್ರೆ ಬೇರೆ ಥರ ಬರೀಬಹುದು. ಗೋ ಭಾಷೆಯವರು ಥ್ರೆಡ್-ಲೋಕಲ್ ಥರದ್ದನ್ನು ಕೊಡಲೇ ಇಲ್ಲ. ಕಾಂಟೆಕ್ಸ್ಟ್ ಬೇಕಾ, ಮೊದಲ ಆರ್ಗ್ಯುಮೆಂಟ್ ಮಾಡಿ ಎಲ್ಲರ ಕೈಗೂ ಕಾಣೋ ಹಾಗೆ ದಾಟಿಸಿ ಅಂದರು. ಬರೆಯೋಕೆ ಬೇಜಾರು, ಆದರೆ ಯಾರ ಎಲೆ ಯಾರ ಮುಂದಿದೆ ಅಂತ ಕಣ್ಣಿಗೆ ಕಾಣುತ್ತೆ. ಜಾವಾದವರು 2023ರ 21ನೇ ಆವೃತ್ತಿಯಲ್ಲಿ ವರ್ಚುವಲ್ ಥ್ರೆಡ್ ಕೊಟ್ಟರು. ಅವು ಎಷ್ಟು ಅಗ್ಗ ಅಂದ್ರೆ ಪೂಲ್ ಮಾಡಲೇಬೇಡಿ, ಕೆಲಸಕ್ಕೊಂದು ಹುಟ್ಟಿಸಿ ಬಿಟ್ಟುಬಿಡಿ ಅಂತಾರೆ. 1998ರ ಆ ಹಳೇ ಊಹೆಗೆ ವಾಪಸ್! 2025ರ ಸೆಪ್ಟೆಂಬರ್‌ನ 25ನೇ ಆವೃತ್ತಿಯಲ್ಲಿ ಸ್ಕೋಪ್ಡ್ ವ್ಯಾಲ್ಯೂ ಅನ್ನೋದು ಪ್ರಯೋಗದ ಹಂತ ದಾಟಿ ಪೂರ್ತಿಯಾಗಿ ಸೇರಿತು. ಅದರಲ್ಲಿ ‘ಸೆಟ್’ ಇಲ್ಲ, ‘ರಿಮೂವ್’ ಕೂಡ ಇಲ್ಲ. ಈ ಬ್ಲಾಕ್ ಓಡುವಷ್ಟು ಹೊತ್ತು ಈ ಬೆಲೆ, ಬ್ಲಾಕ್ ಮುಗಿದರೆ, ಎಕ್ಸೆಪ್ಷನ್ ಎದ್ದೇ ಮುಗಿದರೂ, ಬೆಲೆ ತಾನಾಗೇ ಹೋಯ್ತು. ನೋಡಿದ ತಕ್ಷಣ ನನಗೆ ನೆನಪಾಗಿದ್ದು ಆ ಡಾಲರ್ ಜಾಬ್ ಕಾರ್ಡ್ ಮತ್ತು ‘ನಿಮ್ಮದು ಮುಗಿಯಿತು’ ಅನ್ನೋ ಮೇಲ್ವಿಚಾರಕ.

ಹಾಗಂತ ನಾಳೆಯೇ ಎಲ್ಲಾ ಬ್ಯಾಚ್‌ಗಳೂ ಸರಿಹೋಗಲ್ಲ. ಮಾಮೂಲಿ ಪೂಲ್‌ನ ಥ್ರೆಡ್‌ಗೆ ಸ್ಕೋಪ್ಡ್ ವ್ಯಾಲ್ಯೂ ತಾನಾಗಿ ದಾಟಲ್ಲ, ಹೊಸ ಥರದ ರಚನೆ ಬೇಕು. ಬ್ಯಾಂಕ್‌ಗಳಲ್ಲಿ ಜಾವಾ 8 ಇನ್ನೂ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದೆ.

ನಮ್ಮಲ್ಲಿ ಅವತ್ತು ಮಾಡಿದ್ದು ಸಣ್ಣ ತಿದ್ದುಪಡಿ. ನನ್ನ ಷರತ್ತು ತೆಗೆದೆವು, ಅಳಿಸೋ ಕೆಲಸವನ್ನು ಜಾಬ್ ಬರೆಯೋರ ಕೈಯಿಂದ ಕಿತ್ತು ಪೂಲ್‌ನ ಹೊರಕವಚಕ್ಕೆ ಕೊಟ್ಟೆವು. ಸ್ಟೇಟ್‌ಮೆಂಟ್‌ಗಳನ್ನು ಮತ್ತೆ ತಯಾರು ಮಾಡಿದೆವು. ಆಡಿಟ್ ಟೇಬಲ್ ಮಾತ್ರ ಹಾಗೇ ಇದೆ. ಅದನ್ನು ಯಾರೂ ತಿದ್ದುವಂತಿಲ್ಲ, ನಿಯಮವೇ ಹಾಗೆ. ಆ ಸಾಲುಗಳ ಕೆಳಗೆ ವಿವರಣೆಯ ಒಂದು ಟಿಪ್ಪಣಿ ಸೇರಿಸಿದೆವು. ಅವಳು ಕಂಪನಿ ಬಿಟ್ಟು ಬಹಳ ದಿನ ಆಯ್ತು. ‘ಮಾಡಿದವರು’ ಕಾಲಮ್ಮಿನಲ್ಲಿ ಅವಳ ಐಡಿ ಈಗಲೂ ಇದೆ.